ವಿಶ್ವಾಸಸ್ಥೈರ್ಯ (ಕ್ರೈಸ್ತಧರ್ಮದಲ್ಲಿ)

ಕಷ್ಟ, ನಷ್ಟ, ಹಿಂಸೆ, ಏಕಾಕಿತನ, ಮನಸ್ಸಿನ ಬರಡುತನ ಮೊದಲಾದವು ಒದಗಿದ ಕಾಲದಲ್ಲಿಯೂ ಕ್ರೈಸ್ತನಾದವನು ತಾನು ಕೈಕೊಂಡ ದೇವವಿಶ್ವಾಸವನ್ನೂ ಅದಕ್ಕೆ ಹೊಂದಿದ ಆರಾಧನೆ, ಆಚರಣೆಗಳನ್ನೂ ಬಿಡದೆ ಕಡೆಯವರೆಗೆ ನಡೆಯಿಸಿಕೊಂಡು ಬರುವ ಗುಣಕ್ಕೆ ವಿಶ್ವಾಸಸ್ಥೈರ್ಯವೆಂದು ಹೆಸರು. ಇದು ವ್ಯಕ್ತಿಯ ಗುಣವಾಗಿರುವಂತೆಯೇ ಸಭೆಯ ಗುಣವೂ ಆಗಿದೆ. ಕನ್ನಡನಾಡಿನ ಕ್ರೈಸ್ತರ ಇತಿಹಾಸದಲ್ಲಿ, ವಿಶೇಷವಾಗಿ ಹಳೆಯ ಧಾರವಾಡ ಜಿಲ್ಲೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿಯೂ ಕರಾವಳಿಯ ಕ್ಯಾಥೊಲಿಕ್ ಸಮಾಜದಲ್ಲಿಯೂ, ಇದರ ಸಾಮುದಾಯಿಕ ರೂಪವೇ ಎದ್ದು ಕಾಣುತ್ತದೆ.

ವ್ಯಾಪ್ತಿ ಮತ್ತು ಪರಿಭಾಷೆ

ಈ ಲೇಖನದಲ್ಲಿ 'ವಿಶ್ವಾಸ' ಎಂಬುದನ್ನು ದೇವರಲ್ಲಿ ಇಡುವ ಭರವಸೆ ಎಂಬ ಅರ್ಥದಲ್ಲಿಯೂ, 'ಸೈರಣೆ' ಎಂಬುದನ್ನು ಬಂದ ಕಷ್ಟವನ್ನು ತಾಳಿಕೊಳ್ಳುವ ಶಕ್ತಿ ಎಂಬ ಅರ್ಥದಲ್ಲಿಯೂ, 'ಸ್ಥೈರ್ಯ' ಎಂಬುದನ್ನು ಆ ಸೈರಣೆಯು ಕಾಲಾಂತರದಲ್ಲಿ ನೆಲೆಗೊಂಡು ಸ್ವಭಾವವಾಗಿ ಪರಿಣಮಿಸಿದ ಸ್ಥಿತಿ ಎಂಬ ಅರ್ಥದಲ್ಲಿಯೂ ಬಳಸಲಾಗಿದೆ. 'ಸಭೆ' ಎಂದರೆ ಒಂದು ಊರಿನ ಕ್ರೈಸ್ತರ ಸಮೂಹ. 'ಸಭಾಪಾಲಕ'ನೆಂದರೆ ಅದರ ದೀಕ್ಷಿತ ಗುರು. 'ಉಪದೇಶಿ' ಎಂದರೆ ದೀಕ್ಷೆಯಿಲ್ಲದೆ ಬೋಧನೆಯ ಕಾರ್ಯವನ್ನು ನಿರ್ವಹಿಸುವವನು. ಹಠಮಾರಿತನ, ವಿಧಿವಾದ, ನಿರ್ವಿಕಾರತೆ ಇವು ವಿಶ್ವಾಸಸ್ಥೈರ್ಯದೊಳಗೆ ಸೇರವು. ದುಃಖವನ್ನು ದುಃಖವೆಂದೇ ಒಪ್ಪಿಕೊಂಡು, ಅದನ್ನು ದೇವರ ಮುಂದೆ ತೋಡಿಕೊಳ್ಳುತ್ತ, ಮಾರ್ಗವನ್ನು ಮಾತ್ರ ಬಿಡದಿರುವುದೇ ಇದರ ಲಕ್ಷಣ.

ಮೂಲ

ಈ ಭಾವನೆಯ ಮೊದಲ ನೆಲೆ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿದೆ. ಸರ್ವಸ್ವವನ್ನೂ ಕಳೆದುಕೊಂಡು ದೇವರೊಡನೆಯೇ ವಾದಕ್ಕೆ ನಿಂತ ಯೋಬನ ಚರಿತ್ರೆ, ಯೆರೆಮೀಯನ ಅಳಲು, ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಯೆರೂಸಲೇಮ್ ನಾಶವಾದ ಮೇಲೆ ರಚಿತವಾದ ಪ್ರಲಾಪಗಳು, ಕೀರ್ತನೆಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವ ಶೋಕಗೀತಗಳು ಇದರ ಮುಖ್ಯ ಆಕರಗಳು. ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬರುವ ಎಲೀಯನ ಪ್ರಸಂಗವು ನಿರುತ್ಸಾಹದ ಚಿತ್ರಣಗಳಲ್ಲಿ ಪ್ರಸಿದ್ಧವಾದುದು. ಪ್ರಾಣಭಯದಿಂದ ಅರಣ್ಯಕ್ಕೆ ಓಡಿಹೋದ ಪ್ರವಾದಿಯು ಗಿಡವೊಂದರ ಕೆಳಗೆ ಕುಳಿತು ಮರಣವನ್ನು ಬೇಡುತ್ತಾನೆ. ಅವನಿಗೆ ಆಗ ದೊರೆಯುವುದು ಉಪದೇಶವಲ್ಲ, ನಿದ್ರೆ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು. ಎರಡನೆಯ ಸಲ ಉಂಡು ಎದ್ದ ಬಳಿಕವೇ ಅವನ ಪ್ರಯಾಣ ಮುಂದುವರಿಯುತ್ತದೆ. ದೇಹದ ಪೋಷಣೆಯೂ ವಿಶ್ವಾಸದ ಪೋಷಣೆಯೂ ಬೇರೆಬೇರೆಯಲ್ಲವೆಂಬ ಪಾಲನಾಬೋಧೆಗೆ ಈ ಪ್ರಸಂಗವನ್ನು ಆಧಾರವಾಗಿ ಬಳಸುವುದುಂಟು.

ಹೊಸ ಒಡಂಬಡಿಕೆಯಲ್ಲಿ ಕಡೆಯವರೆಗೆ ತಾಳುವ ವಿಷಯವು ಮತ್ತಾಯನ ಸುವಾರ್ತೆಯ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿಯೂ, ಬೇಸರಗೊಳ್ಳದೆ ಪ್ರಾರ್ಥಿಸುವ ವಿಷಯವು ಲೂಕನ ಸುವಾರ್ತೆಯ ವಿಧವೆಯ ಸಾಮ್ಯದಲ್ಲಿಯೂ ಬರುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಕಷ್ಟದಿಂದ ಸೈರಣೆ, ಸೈರಣೆಯಿಂದ ಅನುಭವಸಿದ್ಧವಾದ ಗುಣ, ಅದರಿಂದ ನಿರೀಕ್ಷೆ ಹುಟ್ಟುವುದೆಂಬ ಕ್ರಮವನ್ನು ನಿರೂಪಿಸುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯು ಎದೆಗುಂದಿದ ಸಭೆಯೊಂದನ್ನು ಉದ್ದೇಶಿಸಿದ್ದು, ಸಭೆಯಾಗಿ ಕೂಡುವುದನ್ನು ಬಿಡಬಾರದೆಂದು ವಿಧಿಸುತ್ತದೆ.

ಸಿದ್ಧಾಂತದ ಬೆಳವಣಿಗೆ

ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೀಸಿಯಸನು ಸಮಸ್ತ ಪ್ರಜೆಗಳೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದಾಗ ಅನೇಕ ಕ್ರೈಸ್ತರು ಭಯದಿಂದ ಒಪ್ಪಿದರು. ಹಿಂಸೆ ತಗ್ಗಿದ ಮೇಲೆ ಅವರನ್ನು ಮರಳಿ ಸೇರಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಎದ್ದಿತು. ಕಾರ್ಥೇಜಿನ ಬಿಷಪ್ ಸಿಪ್ರಿಯನನು ಪಶ್ಚಾತ್ತಾಪದ ಮಾರ್ಗವಾಗಿ ಅವರು ಮರಳಬಹುದೆಂದು ನಿರ್ಣಯಿಸಿದನು. ರೋಮಿನ ಗುರು ನೊವೇಷಿಯನನ ಪಕ್ಷವು ಇದನ್ನು ನಿರಾಕರಿಸಿತು. ಬಿದ್ದವನು ಮತ್ತೆ ಎದ್ದು ನಡೆಯುವುದೂ ಸ್ಥೈರ್ಯದೊಳಗೆ ಸೇರುವುದೆಂಬ ತತ್ವವು ಈ ವಿವಾದದಿಂದ ಸ್ಥಿರಪಟ್ಟಿತು.

ಐದನೆಯ ಶತಮಾನದಲ್ಲಿ ಹಿಪ್ಪೋ ನಗರದ ಆಗಸ್ಟೀನನು ತನ್ನ ಅಂತ್ಯಕಾಲದಲ್ಲಿ ಬರೆದ ಗ್ರಂಥವೊಂದರಲ್ಲಿ ಕಡೆಯವರೆಗಿನ ಸ್ಥೈರ್ಯವು ಮಾನವಪ್ರಯತ್ನದ ಫಲವಲ್ಲ, ದೇವರ ವರವೆಂದು ಪ್ರತಿಪಾದಿಸಿದನು. ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಾಸನು ಇದನ್ನು ಧೈರ್ಯವೆಂಬ ಮೂಲಗುಣದ ಅಂಗವಾಗಿ ಗಣಿಸಿದನು. ಕ್ಯಾಥೊಲಿಕರ ಟ್ರೆಂಟ್ ಪರಿಷತ್ತು 1547ರಲ್ಲಿ, ಈ ವರವನ್ನು ಪಡೆದೇ ತೀರುವೆನೆಂಬ ಪೂರ್ಣನಿಶ್ಚಯವು ವಿಶೇಷ ದೈವಪ್ರಕಟನೆಯಿಲ್ಲದೆ ಯಾರಿಗೂ ಇರಲಾರದೆಂದು ವಿಧಿಸಿತು. ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನನ ಅನುಯಾಯಿಗಳು 1618-19ರ ಡೋರ್ಟ್ ಪರಿಷತ್ತಿನಲ್ಲಿ, ದೇವರು ಆರಿಸಿಕೊಂಡವರನ್ನು ಆತನೇ ಕಡೆತನಕ ಕಾಪಾಡುವನೆಂದು ಸಾರಿದರು. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿಯ ಪರಂಪರೆಯವರಾದರೋ ವಿಶ್ವಾಸಿಯು ಜಾರಿಹೋಗುವುದೂ ಸಂಭವವೆಂದೂ, ಆದಕಾರಣ ನಿತ್ಯಜಾಗ್ರತೆ ಅವಶ್ಯವೆಂದೂ ಬೋಧಿಸಿದರು.

ಇದಕ್ಕೆ ಸಮಾಂತರವಾಗಿ ನಿರುತ್ಸಾಹದ ಮನಶ್ಶಾಸ್ತ್ರವೊಂದು ಬೆಳೆಯಿತು. ನಾಲ್ಕನೆಯ ಶತಮಾನದ ಮರುಭೂಮಿಯ ಸಂನ್ಯಾಸಿ ಇವಾಗ್ರಿಯಸನು ಮಧ್ಯಾಹ್ನದ ಹೊತ್ತು ಸಾಧಕನನ್ನು ಆವರಿಸುವ ಜಡತೆ, ಬೇಸರಗಳನ್ನು ವರ್ಣಿಸಿ, ಆಗ ತನ್ನ ಗುಡಿಸಲನ್ನು ಬಿಟ್ಟು ಹೋಗದಿರುವುದೇ ಮದ್ದೆಂದನು. ಹದಿನಾರನೆಯ ಶತಮಾನದ ಇಗ್ನೇಷಿಯಸ್ ಲೊಯೋಲನು, ಮನಸ್ಸು ಬತ್ತಿದ ಕಾಲದಲ್ಲಿ ಹಿಂದಣ ಸಂಕಲ್ಪವನ್ನು ಬದಲಿಸಬಾರದೆಂಬ ನಿಯಮವನ್ನಿತ್ತನು. ಸ್ಪೇನಿನ ಶಿಲುಬೆಯ ಯೋಹಾನನು ಇಂತಹ ಕಾಲವು ಆತ್ಮಶೋಧನೆಯ ಒಂದು ಅವಸ್ಥೆಯೇ ಹೊರತು ದೇವರು ಕೈಬಿಟ್ಟುದರ ಕುರುಹಲ್ಲವೆಂದು ವಿವರಿಸಿದನು.

ಸ್ವರೂಪ

ವಿಶ್ವಾಸಸ್ಥೈರ್ಯಕ್ಕೆ ನಾಲ್ಕು ಅಂಗಗಳನ್ನು ಹೇಳಬಹುದು. ಮೊದಲನೆಯದು ಸ್ಮರಣೆ, ಎಂದರೆ ಹಿಂದೆ ಪಡೆದ ಕೃಪೆಯನ್ನು ನೆನೆಯುವುದು. ಎರಡನೆಯದು ನಿರೀಕ್ಷೆ, ಎಂದರೆ ಕಾಣದಿರುವ ಮುಂದಿನ ಫಲವನ್ನು ನಂಬಿ ಕಾಯುವುದು. ಮೂರನೆಯದು ಅಭ್ಯಾಸ, ಎಂದರೆ ಉತ್ಸಾಹವಿರಲಿ ಇಲ್ಲದಿರಲಿ ಪ್ರಾರ್ಥನೆ, ಬೈಬಲ್ ಪಾರಾಯಣ, ಆರಾಧನೆಗಳನ್ನು ನಿಯತಕಾಲದಲ್ಲಿ ನಡೆಯಿಸುವುದು. ನಾಲ್ಕನೆಯದು ಅನ್ಯೋನ್ಯತೆ, ಎಂದರೆ ಒಬ್ಬನು ಕುಗ್ಗಿದಾಗ ಉಳಿದವರು ಅವನ ಭಾರವನ್ನು ಹೊರುವುದು. ಮೊದಲಿನ ಎರಡು ಅಂತರಂಗಕ್ಕೆ ಸೇರಿದವು. ಉಳಿದ ಎರಡು ಬಹಿರಂಗವಾದ ವ್ಯವಸ್ಥೆಯನ್ನು ಅಪೇಕ್ಷಿಸುತ್ತವೆ. ಸಭೆ, ಶಾಲೆ, ಗ್ರಂಥ, ಗೀತ ಇವುಗಳ ಆವಶ್ಯಕತೆ ಹುಟ್ಟುವುದು ಇಲ್ಲಿಯೇ.

ಪ್ರಭೇದಗಳು

ಕಾರಣಭೇದದಿಂದ ಇದನ್ನು ಐದು ವಿಧವಾಗಿ ವಿಂಗಡಿಸಬಹುದು: ರಾಜಶಕ್ತಿಯಿಂದ ಒದಗಿದ ಹಿಂಸೆ ಅಥವಾ ಸೆರೆಯಲ್ಲಿ ತೋರುವ ಸ್ಥೈರ್ಯ, ಜಾತಿಬಹಿಷ್ಕಾರ, ದಾಯಭಾಗನಷ್ಟ ಮೊದಲಾದ ಸಾಮಾಜಿಕ ಒತ್ತಡದಲ್ಲಿ ತೋರುವುದು, ಬರ, ವ್ಯಾಧಿ ಮುಂತಾದ ಉತ್ಪಾತಗಳಲ್ಲಿ ತೋರುವುದು, ಕಾರ್ಯವು ಫಲಿಸದೆ ಹೋದಾಗ ಬೋಧಕರಲ್ಲಿ ತೋರುವುದು, ಹೊರಗೆ ಯಾವ ಕಷ್ಟವೂ ಇಲ್ಲದೆ ಅಂತರಂಗವು ಮಾತ್ರ ಒಣಗಿದಾಗ ತೋರುವುದು. ಕನ್ನಡನಾಡಿನ ಚರಿತ್ರೆಯಲ್ಲಿ ಮೊದಲಿನ ನಾಲ್ಕಕ್ಕೂ ದಾಖಲೆಯುಳ್ಳ ದೃಷ್ಟಾಂತಗಳಿವೆ.

ಕನ್ನಡನಾಡಿನ ದೃಷ್ಟಾಂತಗಳು

ಶ್ರೀರಂಗಪಟ್ಟಣದ ಸೆರೆ: ಎರಡನೆಯ ಆಂಗ್ಲ-ಮೈಸೂರು ಯುದ್ಧದಲ್ಲಿ ಆಂಗ್ಲರಿಗೆ ನೆರವಿತ್ತರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾ ಪ್ರಾಂತದ ಕ್ಯಾಥೊಲಿಕರನ್ನು ಬಂಧಿಸಿ ಘಟ್ಟದ ಮೇಲಣ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಬಂಧಿತರ ಸಂಖ್ಯೆಯ ವಿಷಯದಲ್ಲಿ ಸಮಕಾಲೀನ ಬರಹಗಳಲ್ಲಿ ಐಕಮತ್ಯವಿಲ್ಲ. ಗುರುಗಳು ಗಡಿಪಾರಾಗಿ ಇಗರ್ಜಿಗಳು ಕೆಡವಲ್ಪಟ್ಟುದರಿಂದ ಹದಿನೈದು ವರ್ಷಗಳ ಕಾಲ ಈ ಸಮಾಜವು ತನ್ನ ಧಾರ್ಮಿಕ ವ್ಯವಸ್ಥೆಯನ್ನೆಲ್ಲ ಕಳೆದುಕೊಂಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಬದುಕುಳಿದವರಲ್ಲಿ ಹಲವರು ಕರಾವಳಿಗೆ ಮರಳಿ ಇಗರ್ಜಿಗಳನ್ನು ಪುನಃ ಕಟ್ಟಿದರು. ಮೈಸೂರು ಸೀಮೆಯಲ್ಲಿ ಉಳಿದ ಕ್ರೈಸ್ತರನ್ನು ಸಂಘಟಿಸುವ ಕಾರ್ಯದಲ್ಲಿ ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ ತೊಡಗಿದನು. ಸೆರೆಯಲ್ಲಿ ಬಲಾತ್ಕಾರದಿಂದ ಇಸ್ಲಾಮಿಗೆ ಮತಾಂತರಗೊಂಡವರನ್ನು ಮರಳಿ ಸ್ವೀಕರಿಸುವ ಪ್ರಶ್ನೆಯು, ಸಿಪ್ರಿಯನನ ಕಾಲದಲ್ಲಿ ಎದ್ದಂತೆಯೇ, ಇಲ್ಲಿಯೂ ಎದ್ದಿತು.

ಬಾಸೆಲ್ ಮಿಷನ್ನಿನ ಆರಂಭಕಾಲ: ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ಮೂವರು ಬೋಧಕರಾದ ಸಾಮುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರ್ ತಿಂಗಳಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ಠಾಣೆಗಳು ಆರಂಭವಾದುವು. ಹುಬ್ಬಳ್ಳಿಯ ಬೋಧಕರನ್ನು ಕಾಲಜ್ಞಾನದ ಭವಿಷ್ಯವಾಣಿಗಳಲ್ಲಿ ನಂಬಿಕೆಯಿಟ್ಟಿದ್ದ ಒಂದು ಪಂಗಡದವರು ಬಂದು ಕಂಡುದರಿಂದ, ಆ ಪಂಗಡವೆಲ್ಲವೂ ಒಮ್ಮೆಗೇ ಸಭೆಗೆ ಸೇರುವುದೆಂಬ ದೊಡ್ಡ ಆಸೆ ಹುಟ್ಟಿತು. ಗದಗಿನ ಸಮೀಪದ ಮಲಸಮುದ್ರದಲ್ಲಿ ಅವರಿಗಾಗಿ 1841ರಲ್ಲಿ ಬೇಸಾಯದ ವಸಾಹತೊಂದನ್ನು ಏರ್ಪಡಿಸಲಾಯಿತು. ಆದರೆ ಆ ಆಸೆ ಕೈಗೂಡಲಿಲ್ಲ, ಬಹುಮಂದಿ ಹಿಂದೆ ಸರಿದರು, ವಸಾಹತೂ ನಿಲ್ಲಲಿಲ್ಲ. ಬೋಧಕರು ಈ ಸೀಮೆಯನ್ನು ಬಿಡದೆ ಶಾಲೆ, ಮುದ್ರಣ, ಗ್ರಾಮಸಂಚಾರಗಳ ನಿಧಾನಮಾರ್ಗದಲ್ಲಿಯೇ ಮುಂದುವರಿದುದು ನಾಲ್ಕನೆಯ ಪ್ರಭೇದಕ್ಕೆ ನಿದರ್ಶನ.

ಸಾಮಾಜಿಕ ಒತ್ತಡದ ನಿದರ್ಶನವಾಗಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನ ಚರಿತ್ರೆಯನ್ನು ಹೇಳುವುದುಂಟು. ಬಾಸೆಲ್ ಮಿಷನ್ನಿನ ಬೋಧಕ ಹರ್ಮನ್ ಮೊಗ್ಲಿಂಗನ ಶಿಷ್ಯನಾದ ಈತನು 1844ರಲ್ಲಿ ದೀಕ್ಷಾಸ್ನಾನ ಪಡೆದು ಬಂಧುವರ್ಗದಿಂದ ದೂರವಾದನು. ಬಾಸೆಲ್ಲಿಗೆ ಹೋಗಿ ವ್ಯಾಸಂಗಮಾಡಿ 1851ರಲ್ಲಿ ಗುರುದೀಕ್ಷೆ ಹೊಂದಿ ಹಿಂದಿರುಗಿ, 1893ರಲ್ಲಿ ತೀರಿಕೊಳ್ಳುವ ತನಕ ಕನ್ನಡ ಸಭೆಗಳ ಸೇವೆಯಲ್ಲಿಯೇ ಇದ್ದನು. ಮತಾಂತರದಿಂದ ಪಿತ್ರಾರ್ಜಿತ ಸ್ವತ್ತಿನ ಹಕ್ಕು ಕಳೆಯಬಾರದೆಂದು ಬ್ರಿಟಿಷ್ ಸರಕಾರವು 1850ರ ಇಪ್ಪತ್ತೊಂದನೆಯ ಕಾಯಿದೆಯ ಮೂಲಕ ವಿಧಿಸಿತಾದರೂ, ಕಸುಬು ಮತ್ತು ನೆರೆಹೊರೆಗಳ ನಷ್ಟಕ್ಕೆ ಕಾಯಿದೆಯಲ್ಲಿ ಪರಿಹಾರವಿರಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಮಿಷನ್ನು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು.

ಬರ ಮತ್ತು ಪ್ಲೇಗು: ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಧಾರವಾಡ ಜಿಲ್ಲೆಯೂ ಸೇರಿದಂತೆ ದಖ್ಖನಿನ ವಿಶಾಲಭಾಗವನ್ನು ಕಾಡಿದ ಮಹಾಬರದಲ್ಲಿ ಮಿಷನ್ನಿನ ಠಾಣೆಗಳು ತಬ್ಬಲಿ ಮಕ್ಕಳಿಗೆ ಆಶ್ರಯಸ್ಥಾನಗಳಾದುವು. 1896ರಿಂದ 1900ರೊಳಗೆ ಮತ್ತೆ ಎರಡು ಬರಗಳೂ, ಅವುಗಳ ಬೆನ್ನಿಗೇ ಹುಬ್ಬಳ್ಳಿ, ಧಾರವಾಡಗಳಲ್ಲಿ ಪ್ಲೇಗೂ ಬಂದು, ಊರುಗಳು ಬರಿದಾಗಿ ಜನರು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರಬೇಕಾಯಿತು. ಇಂತಹ ಕಾಲದಲ್ಲಿ ಆರಾಧನೆಗಿಂತ ಅಶನ, ಔಷಧ, ಶವಸಂಸ್ಕಾರಗಳೇ ಸಭೆಯ ಮುಖ್ಯ ಕಾರ್ಯಗಳಾದುವು. ಬೆಟಗೇರಿಯಲ್ಲಿ ಮುಂದೆ ಬೆಳೆದ ಮಿಷನ್ ಆಸ್ಪತ್ರೆಯು, ಜನರ ಬಾಯಲ್ಲಿ 'ಜರ್ಮನ್ ದವಾಖಾನೆ'ಯಾಗಿ, ಈ ಸೇವೆಯ ಸ್ಥಿರರೂಪವಾಯಿತು.

ಮಹಾಯುದ್ಧಗಳು: 1914ರಲ್ಲಿ ಮೊದಲನೆಯ ಮಹಾಯುದ್ಧವು ತೊಡಗಿದಾಗ ಬಾಸೆಲ್ ಮಿಷನ್ನಿನ ಬೋಧಕರಲ್ಲಿ ಹೆಚ್ಚಿನವರು ಜರ್ಮನರಾಗಿದ್ದುದರಿಂದ ಬ್ರಿಟಿಷ್ ಸರಕಾರವು ಅವರಲ್ಲಿ ಅನೇಕರನ್ನು ಅಹಮದನಗರದ ಶಿಬಿರದಲ್ಲಿ ಇರಿಸಿ, ಬಳಿಕ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಕಳುಹಿಸಿತು. ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದುವು. ಎಂಬತ್ತು ವರ್ಷ ವಿದೇಶೀಯರ ಆಡಳಿತದಲ್ಲಿ ಬೆಳೆದ ಸಭೆಗಳು ಹೀಗೆ ಧನವನ್ನೂ ನಾಯಕರನ್ನೂ ಒಟ್ಟಿಗೆ ಕಳೆದುಕೊಂಡುವು. ಆಗ ಸಭೆಗಳ ಭಾರವು ದೇಶೀಯ ಸಭಾಪಾಲಕರು, ಉಪದೇಶಿಗಳು, ಶಾಲಾ ಉಪಾಧ್ಯಾಯರು ಮತ್ತು ಸಭೆಯ ಹಿರಿಯರ ಮೇಲೆ ಬಿದ್ದಿತು. ಸ್ವಿಸ್ ಮೂಲದ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಎಂಬ ಸಂಸ್ಥೆಯು ಕೆಲಕಾಲ ಕನ್ನಡ ಪ್ರಾಂತದ ಕಾರ್ಯಕ್ಕೆ ನೆರವಾಯಿತು. 1920ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮರಳಿ ಬಂದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬೋಧಕರು ಮತ್ತೊಮ್ಮೆ ಬಂಧಿತರಾದರು; ಆ ವೇಳೆಗೆ ಸಭೆಗಳು ಸ್ವಂತ ಕಾಲಮೇಲೆ ನಿಲ್ಲುವುದನ್ನು ಕಲಿತಿದ್ದುವು.

ಸಾಧನಗಳು

ಗ್ರಂಥಗಳು: ಜಾನ್ ಹ್ಯಾಂಡ್ಸ್ ಮೊದಲಾದ ಲಂಡನ್ ಮಿಷನ್ನಿನವರು ಬಳ್ಳಾರಿಯಲ್ಲಿ ಕೈಕೊಂಡ ಬೈಬಲ್ಲಿನ ಕನ್ನಡ ಭಾಷಾಂತರವು 1831ರಲ್ಲಿ ಪೂರ್ಣವಾಯಿತು. ಮಂಗಳೂರಿನಲ್ಲಿ 1841ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ ಮುದ್ರಣಾಲಯವು ಮನೆಯಲ್ಲಿ ಓದತಕ್ಕ ಸಣ್ಣ ಪುಸ್ತಕಗಳನ್ನು ಹೇರಳವಾಗಿ ಹೊರತಂದಿತು. ಜಾನ್ ಬನ್ಯನ್ ಬರೆದ ಯಾತ್ರಿಕನ ಕಥೆಯು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಕನ್ನಡಕ್ಕೆ ಬಂದಿತು. ಆ ಕಥೆಯಲ್ಲಿ ಯಾತ್ರಿಕನು ಹೊರಟೊಡನೆಯೇ ನಿರಾಶೆಯ ಕೆಸರಿನಲ್ಲಿ ಹೂತುಹೋಗುತ್ತಾನೆ; ಮುಂದೆ ಸಂದೇಹವೆಂಬ ಕೋಟೆಯಲ್ಲಿ ನಿರಾಶೆಯೆಂಬ ರಾಕ್ಷಸನಿಗೆ ಸೆರೆಸಿಕ್ಕಿ ಪೆಟ್ಟು ತಿನ್ನುತ್ತಾನೆ; ವಾಗ್ದಾನವೆಂಬ ಬೀಗದ ಕೈ ಮೊದಲಿನಿಂದಲೂ ತನ್ನ ಎದೆಯ ಬಳಿಯೇ ಇತ್ತೆಂಬುದು ನೆನಪಾದಾಗ ಬಿಡುಗಡೆ ಹೊಂದುತ್ತಾನೆ. ನಿರುತ್ಸಾಹವನ್ನು ಪ್ರಯಾಣದ ಒಂದು ಹಂತವಾಗಿ ಕಾಣಿಸುವ ಗ್ರಂಥಗಳಲ್ಲಿ ಇದು ಅಗ್ರಗಣ್ಯವಾದುದು. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟೆಲನು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯು ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸಿತು.

ಗೀತಗಳು: ಜರ್ಮನ್ ರಾಗಗಳಿಗೆ ಹೊಂದಿಸಿದ ಸಂಗೀತಗಳೂ, ಕರ್ನಾಟಕ ರಾಗಗಳಲ್ಲಿ ರಚಿತವಾದ ಕೀರ್ತನೆಗಳೂ ಸಭೆಗಳಲ್ಲಿ ಬಳಕೆಗೆ ಬಂದುವು. ಓದು ಬಾರದವರೂ ಬಾಯಿಪಾಠವಾಗಿ ಕಲಿಯಬಹುದಾದುದರಿಂದ, ಗುರುವಿಲ್ಲದ ಊರಿನಲ್ಲಿ ಗೀತವೇ ಉಪದೇಶದ ಸ್ಥಾನವನ್ನು ವಹಿಸುತ್ತಿತ್ತು.

ಕ್ರಮ ಮತ್ತು ಸಂಸ್ಕಾರ: ದೃಢೀಕರಣಕ್ಕೆ ಮುನ್ನ ಪ್ರಶ್ನೋತ್ತರರೂಪದ ಉಪದೇಶ, ಭಾನುವಾರದ ಆರಾಧನೆ, ಕರ್ತನ ಭೋಜನ, ಬೆಳಗು-ಬೈಗಿನ ಕುಟುಂಬಪ್ರಾರ್ಥನೆ, ಸುಗ್ಗಿಯ ಕೃತಜ್ಞತಾರಾಧನೆ, ವರ್ಷಾಂತ್ಯದ ರಾತ್ರಿಯ ಪ್ರಾರ್ಥನೆ ಇವು ವರ್ಷದುದ್ದಕ್ಕೂ ಅಭ್ಯಾಸವನ್ನು ಉಳಿಸಿಕೊಡುತ್ತವೆ. ತಪ್ಪಿದವರನ್ನು ಭೋಜನಸಂಸ್ಕಾರದಿಂದ ಹೊರಗಿಟ್ಟು, ಪಶ್ಚಾತ್ತಾಪಪಟ್ಟ ಮೇಲೆ ಸೇರಿಸಿಕೊಳ್ಳುವ ಕ್ರಮವೂ ಬಾಸೆಲ್ ಸಭೆಗಳಲ್ಲಿತ್ತು. ರೋಗಿಗಳನ್ನೂ ದುಃಖಿತರನ್ನೂ ಮನೆಗೆ ಹೋಗಿ ಕಂಡು ಪ್ರಾರ್ಥಿಸುವುದು ಸಭಾಪಾಲಕನ ಮತ್ತು ಹಿರಿಯರ ಕರ್ತವ್ಯವೆನಿಸಿದೆ.

ಶಿಕ್ಷಣ: ಮಂಗಳೂರಿನ ಬಲ್ಮಠದಲ್ಲಿ 1847ರಲ್ಲಿ ಆರಂಭವಾದ ಗುರುವಿದ್ಯಾಶಾಲೆಯು ಉಪದೇಶಿಗಳನ್ನೂ ಸಭಾಪಾಲಕರನ್ನೂ ಸಿದ್ಧಪಡಿಸಿತು. ಮಹಾಯುದ್ಧದ ಕಾಲದಲ್ಲಿ ಸಭೆಗಳು ಚದರಿಹೋಗದೆ ನಿಂತುದಕ್ಕೆ ಹೀಗೆ ಶಿಕ್ಷಿತರಾದ ದೇಶೀಯರು ಆಗಲೇ ಇದ್ದುದು ಮುಖ್ಯ ಕಾರಣ.

ಪ್ರಾದೇಶಿಕ ಹಿನ್ನೆಲೆ

ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಹಾವೇರಿ ಜಿಲ್ಲೆಯಲ್ಲಿರುವ ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಸೀಮೆಯು ಬಾಸೆಲ್ ಮಿಷನ್ನಿನ ಮುಖ್ಯ ಠಾಣೆಗಳಿಂದ ದಕ್ಷಿಣಕ್ಕೆ ದೂರವಾಗಿದ್ದಿತು. ಆ ಠಾಣೆಗಳಲ್ಲಿ ಒಂದೂ ಈ ನಾಲ್ಕು ತಾಲ್ಲೂಕುಗಳಲ್ಲಿರಲಿಲ್ಲ. ಈ ಸೀಮೆಯ ಧಾರ್ಮಿಕ ವಾತಾವರಣವನ್ನು ರೂಪಿಸಿದುದು ಮುಖ್ಯವಾಗಿ ವೀರಶೈವ ಮಠಗಳು, ದಾಸಪರಂಪರೆ ಮತ್ತು ಸೂಫೀ ದರ್ಗಾಗಳು. ನಿಷ್ಠೆಯ ಭಾವನೆ ಇಲ್ಲಿ ಕ್ರೈಸ್ತರು ಬರುವುದಕ್ಕೆ ಬಹುಪೂರ್ವದಲ್ಲಿಯೇ ನೆಲೆಗೊಂಡಿದ್ದಿತು. ಹಿರೇಕೆರೂರು ಸೀಮೆಯ ಅಬಲೂರಿನ ಸೋಮೇಶ್ವರ ದೇವಾಲಯದ ಸುಮಾರು 1200ರ ಶಾಸನವು, ಏಕಾಂತದ ರಾಮಯ್ಯನು ಶಿವನಿಗೆ ತನ್ನ ಶಿರಸ್ಸನ್ನು ಅರ್ಪಿಸಿ ಮರಳಿ ಪಡೆದ ವೃತ್ತಾಂತವನ್ನು ಹೇಳುತ್ತದೆ. ವೀರಶೈವರ ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲದ ಶ್ರದ್ಧೆಯ ಬಳಿಕ ಮಾಹೇಶ್ವರಸ್ಥಲದ ನಿಷ್ಠೆ ಬರುತ್ತದೆ. ಕ್ರೈಸ್ತಬೋಧೆಯಲ್ಲಿ ಸ್ಥೈರ್ಯವು ದೇವರು ಇತ್ತ ವರವೆಂಬುದಕ್ಕೆ ಪ್ರಾಧಾನ್ಯವಿದ್ದರೆ, ಷಟ್‌ಸ್ಥಲದಲ್ಲಿ ಅದು ಭಕ್ತನು ಏರುವ ಮೆಟ್ಟಿಲುಗಳಲ್ಲಿ ಒಂದು; ಅನ್ಯಾಶ್ರಯವನ್ನು ಬಿಡುವುದು ಎರಡರಲ್ಲಿಯೂ ಸಮಾನ.

ಮಳೆಯನ್ನೇ ನಂಬಿದ ಬೇಸಾಯವು ಹೆಚ್ಚಾಗಿರುವ ಈ ಭಾಗದಲ್ಲಿ, ಮುಂಗಾರು ಹಿಂಗಾರು ಮಳೆಗಳಿಗಾಗಿ ಕಾದಿರುವ ಒಕ್ಕಲಿಗನನ್ನು ತಾಳ್ಮೆಗೆ ನಿದರ್ಶನವಾಗಿ ಹೇಳುವ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವು ವಿವರಣೆಯಿಲ್ಲದೆಯೇ ಅರ್ಥವಾಗತಕ್ಕದ್ದು.

ಇಂದಿನ ಸ್ಥಿತಿ

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಧಾರವಾಡ ಭಾಗದ ಬಾಸೆಲ್ ಮಿಷನ್ ಸಭೆಗಳು ಅನಂತರ ಅದರಲ್ಲಿ ಸೇರಿ, ಈಗ ಧಾರವಾಡದಲ್ಲಿ ಕೇಂದ್ರವುಳ್ಳ ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಒಳಪಟ್ಟಿವೆ. ಕ್ಯಾಥೊಲಿಕರ ಬೆಳಗಾವಿ ಧರ್ಮಪ್ರಾಂತವು 1953ರಲ್ಲಿ ರಚಿತವಾಯಿತು. ಕನ್ನಡದಲ್ಲಿ ಗುರುಶಿಕ್ಷಣವನ್ನು ನೀಡುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಮಂಗಳೂರಿನಲ್ಲಿದೆ. ಧಾರವಾಡದ ಕಿಟೆಲ್ ಕಾಲೇಜು, ಬೆಟಗೇರಿಯ ಆಸ್ಪತ್ರೆ ಮೊದಲಾದ ಸಂಸ್ಥೆಗಳು ನಡೆಯುತ್ತಿವೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯಲ್ಲಿ ಕ್ರೈಸ್ತರು 2011ರ ಜನಗಣತಿಯ ಪ್ರಕಾರ ಜನಸಂಖ್ಯೆಯ ಶೇ. 1ಕ್ಕಿಂತಲೂ ಕಡಿಮೆ. ಒಂದು ಊರಿನಲ್ಲಿ ಕೆಲವೇ ಮನೆಗಳಿರುವ ಇಂತಹ ಪ್ರದೇಶಗಳಲ್ಲಿ ಸ್ಥೈರ್ಯಕ್ಕೆ ಒದಗುವ ಪರೀಕ್ಷೆ ಹಿಂಸೆಗಿಂತ ಹೆಚ್ಚಾಗಿ ವಿರಳತೆಯದು: ಸಭಾಪಾಲಕನು ದೂರದಿಂದ ಬರಬೇಕಾಗುವುದು, ತರುಣರು ಉದ್ಯೋಗಕ್ಕಾಗಿ ಹುಬ್ಬಳ್ಳಿ ಬೆಂಗಳೂರುಗಳಿಗೆ ತೆರಳುವುದು, ವೃದ್ಧರು ಮನೆಯಲ್ಲಿಯೇ ಉಳಿಯುವುದು. 2020ರ ಮಾರ್ಚ್ ತಿಂಗಳಿಂದ ಕೋವಿಡ್ ವ್ಯಾಧಿಯ ಕಾರಣವಾಗಿ ದೇಶದ ಆರಾಧನಾಸ್ಥಾನಗಳೆಲ್ಲ ಎರಡು ತಿಂಗಳಿಗೂ ಮಿಕ್ಕಿ ಮುಚ್ಚಿದ್ದಾಗ, ಕೂಡಿ ಆರಾಧಿಸುವ ಅಭ್ಯಾಸಕ್ಕೇ ತಡೆಯುಂಟಾಯಿತು. ಆರಾಧನೆಯು ಒಂದು ಕಡೆ ಮೊಬೈಲ್ ಫೋನಿಗೂ, ಇನ್ನೊಂದು ಕಡೆ ಹಳೆಯ ಕುಟುಂಬಪ್ರಾರ್ಥನೆಗೂ ತಿರುಗಿತು. ವ್ಯಾಧಿ ಇಳಿದ ಮೇಲೆಯೂ ದೂರದ ಸದಸ್ಯರಿಗಾಗಿ ಆರಾಧನೆಯನ್ನು ಅಂತರ್ಜಾಲದಲ್ಲಿ ಬಿತ್ತರಿಸುವ ಪದ್ಧತಿಯು ಹಲವು ಪಟ್ಟಣಸಭೆಗಳಲ್ಲಿ ಉಳಿದುಬಂದಿದೆ; ಭೋಜನಸಂಸ್ಕಾರಕ್ಕೂ ಮನೆಭೇಟಿಗೂ ಮಾತ್ರ ಪ್ರತ್ಯಕ್ಷ ಸಾನ್ನಿಧ್ಯವೇ ಕ್ರಮವಾಗಿದೆ.